‘ಹೇಳಿದ’, ‘ಅಂದ’: ಎರಡೂ ಒಂದೇನಾ?

ಪ್ರಶ್ನೆ: ‘ಅವನು ಬರ್ತೀನಿ ಅಂತ ಹೇಳಿದ’, ‘ಅವನು ಬರ್ತೀನಿ ಅಂದ’. ಎರಡಕ್ಕೂ ಅರ್ಥ ಒಂದೇ ಅಲ್ವಾ? ಹಾಗಾದರೆ ಹೇಳು, ಅನ್ನು ಇವೆರಡರಲ್ಲಿ ಯಾವುದನ್ನು ಎಲ್ಲಿ ಬೇಕಾದರೂ ಬಳಸಬಹುದಾ?

ಇಲ್ಲ. ಈ ವಾಕ್ಯದಲ್ಲೇನೋ ಎರಡೂ ಹೊಂದುತ್ತವೆ. ಸ್ವಲ್ಪ ಆಚೆ ಹೋದರೆ ಎರಡರ ದಾರಿಯೂ ಬೇರೆ.

ಹೇಳು ಅನ್ನೋದು ಒಬ್ಬರಿಂದ ಇನ್ನೊಬ್ಬರಿಗೆ ಏನನ್ನಾದರೂ ಮುಟ್ಟಿಸುವ ಪದ. ಕಥೆ ಹೇಳಬಹುದು, ಸುಳ್ಳು ಹೇಳಬಹುದು, ಬುದ್ಧಿ ಹೇಳಬಹುದು, ಹಾಡನ್ನೂ ಹೇಳಬಹುದು. ಆದರೆ ‘ಕಥೆ ಅಂದ’, ‘ಬುದ್ಧಿ ಅಂದ’ ಅಂತ ಯಾರ ಬಾಯಲ್ಲೂ ಬರುವುದಿಲ್ಲ. ಹೋಟೆಲಿನಲ್ಲಿ ‘ಎರಡು ಮಸಾಲೆ ದೋಸೆ ಹೇಳಿದೀನಿ’ ಅಂದರೆ ಆರ್ಡರ್ ಕೊಟ್ಟಾಯ್ತು ಅಂತ. ‘ನಮಗೆ ಮದುವೆಗೆ ಹೇಳಿಲ್ಲ’ ಅಂದರೆ ಕರೆದಿಲ್ಲ ಅಂತ. ಮದುವೆ ಯಾವತ್ತು, ಯಾವ ಛತ್ರ ಅನ್ನೋದೆಲ್ಲ ಊರಿಗೇ ಗೊತ್ತಿರಬಹುದು, ಆದರೂ ನಮ್ಮನ್ನು ಕರೆಯದಿದ್ದರೆ ಅದು ‘ಹೇಳಿಲ್ಲ’ ಅಂತಲೇ ಲೆಕ್ಕ.

ಅನ್ನು ಹಾಗಲ್ಲ. ಬಾಯಿಂದ ಬಂದದ್ದನ್ನು ಇದ್ದ ಹಾಗೇ ಎತ್ತಿ ಇಡುವುದು ಅದರ ಕೆಲಸ. ‘ಹೂಂ’ ಅಂದ, ‘ಛೆ’ ಅಂದ, ‘ಆಗಲ್ಲ’ ಅಂದ. ಬಾಯೇ ಬೇಕಂತಿಲ್ಲ, ಪಾತ್ರೆ ಧಡ್ ಅಂತ ಬೀಳುತ್ತೆ. ಸದ್ದೂ ಬೇಕಂತಿಲ್ಲ, ಸಾರು ಘಮ್ ಅನ್ನುತ್ತೆ, ಕಾಲು ಜುಮ್ ಅನ್ನುತ್ತೆ. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಕ್ವಿಜ್ ಹೆಸರಿನಲ್ಲಿ ಎರಡೂ ಪದ ಇವೆ ನೋಡಿ: ಹೇಗೆ ಅನ್ನೋದನ್ನು ‘ಅಂತ’ ತೋರಿಸುತ್ತೆ, ಉತ್ತರ ಮುಟ್ಟಿಸೋದು ‘ಹೇಳಿ’.

ತನಗೆ ತಾನೇ ಅಂದರೆ ಅದು ಅಂದುಕೊಳ್ಳೋದು. ಅನ್ನುವ ಹಾಗೆ ಮನಸ್ಸಿಗೆ ಆದರೆ ಅನ್ನಿಸೋದು. ಅಲ್ಲಿಂದಲೇ ಅನಿಸಿಕೆ. ಬರವಣಿಗೆಯ ಎಂದು, ಎಂಬ, ಎನಿಸು ಎಲ್ಲ ಇದೇ ಮನೆಯವು. 12ನೇ ಶತಮಾನದಲ್ಲಿ ಬಸವಣ್ಣ ‘ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು’ ಅಂದಾಗಲೂ ಅಲ್ಲಿರುವುದು ಈ ಅನ್ನು ಪದವೇ. ಲಿಂಗದ ಬಾಯಿಂದ ‘ಅಹುದಹುದು’ ಅನ್ನೋ ಮಾತು ನಮ್ಮ ಕಿವಿಗೇ ಬಿದ್ದ ಹಾಗಿದೆ.

ಇನ್ನೊಂದು ವ್ಯತ್ಯಾಸ ಸ್ವಲ್ಪ ನೋವಿನದು. ‘ಅತ್ತಿಗೆ ನನಗೆ ಹೇಳಿದರು’ ಅಂದರೆ ವಿಷಯ ತಿಳಿಸಿದರು, ಅಷ್ಟೇ. ‘ಅತ್ತಿಗೆ ನನಗೆ ಅಂದುಬಿಟ್ಟರು’ ಅಂದರೆ ಚುಚ್ಚುವ ಮಾತೇನೋ ಬಂದಿದೆ. ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದ ಮಗುವನ್ನು ‘ಯಾರಾದ್ರೂ ಏನಾದ್ರೂ ಅಂದ್ರಾ?’ ಅಂತ ಕೇಳುತ್ತೇವೆ. ಅಲ್ಲಿ ‘ಹೇಳಿದ್ರಾ’ ಹಾಕಿ ನೋಡಿ, ಕಾಳಜಿಯೇ ಹೊರಟುಹೋಗುತ್ತೆ. ‘ಅನ್ನಿಸಿಕೊಳ್ಳೋದು’ ಅಂತೂ ಎರಡೂ ಕಡೆ ವಾಲುತ್ತೆ. ಊರಲ್ಲಿ ಒಳ್ಳೆಯವರು ಅನ್ನಿಸಿಕೊಳ್ಳಬಹುದು, ಮನೆಯಲ್ಲಿ ದಿನಾ ಅನ್ನಿಸಿಕೊಳ್ಳಲೂಬಹುದು.

ಎಲ್ಲ ಕಡೆ ಹೀಗೇ ಅಂತಲೂ ಅಲ್ಲ. ಹವ್ಯಕರ ಮಾತಿನಲ್ಲಿ ‘ಅಂತ’ ಇರಬೇಕಾದ ಜಾಗದಲ್ಲೇ ‘ಹೇಳಿ’ ಬರುತ್ತೆ.

ಈಗ ಅಂತೆ. ನನಗೆ ತುಂಬಾ ಇಷ್ಟವಾದದ್ದು ಇದು, ಮತ್ತು ಇದನ್ನು ನಾವು ಬೇಕಾಬಿಟ್ಟಿ ಬಿಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ‘ನಾಳೆ ಶಾಲೆಗೆ ರಜೆ’ ಅಂದರೆ ಆ ಸುದ್ದಿಗೆ ನಾನೇ ಹೊಣೆ. ‘ನಾಳೆ ಶಾಲೆಗೆ ರಜೆಯಂತೆ’ ಅಂದರೆ ಯಾರೋ ಅಂದದ್ದು, ನಾನು ದಾಟಿಸಿದೆ. ಕೊನೆಯಲ್ಲಿ ಒಂದು ಪುಟ್ಟ ಪದ ಸೇರಿಸಿದರೆ ಸಾಕು, ಕೇಳುವವರಿಗೆ ಇದನ್ನು ಎಷ್ಟು ನಂಬಬೇಕು ಅಂತ ತಿಳಿಯುತ್ತೆ. ಮಳೆಗಾಲದಲ್ಲಿ ವಾಟ್ಸಾಪ್‌ನಲ್ಲಿ ಬಂದ ರಜೆ ಸುದ್ದಿಯನ್ನು ಮುಂದೆ ಕಳಿಸುವಾಗ ಈ ಅಂತೆ ಬಿಟ್ಟುಹೋದರೆ ಕೇಳಿದ್ದು ನಿಜ ಅಂತ ಆಗಿಬಿಡುತ್ತೆ, ಬೆಳಗ್ಗೆ ಶಾಲೆ ಇದ್ದರೆ ತೊಂದರೆ ಮಕ್ಕಳಿಗೆ. ಪತ್ರಿಕೆಗಳು ಇದನ್ನೇ ‘ಎನ್ನಲಾಗಿದೆ’ ಅಂತ ಬರೆಯುತ್ತವೆ. ಅಜ್ಜಿಯಂದಿರು ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಅಂತ ಶುರು ಮಾಡುವುದೂ ಇದರಿಂದಲೇ.

ನಮ್ಮ ಬಗ್ಗೆಯೇ ಅಂತೆ ಹಚ್ಚುವುದು ಕಷ್ಟ. ‘ನಾನು ಊಟ ಮಾಡಿದೆನಂತೆ’ ಅಂದರೆ ಕೇಳಿದವರು ಗಾಬರಿಯಾಗುತ್ತಾರೆ. ಆದರೆ ‘ನಾನು ನಿದ್ದೆಯಲ್ಲಿ ಮಾತಾಡ್ತೀನಂತೆ’ ಸರಿಯಾಗಿದೆ, ಯಾಕಂದರೆ ಅದನ್ನು ನಮಗೆ ಬೇರೆಯವರೇ ಹೇಳಬೇಕು.

ಕೊನೆಗೆ ಒಂದು ಎಚ್ಚರಿಕೆ. ‘ಮೊದಲು ಊಟ ಮಾಡು, ಆಮೇಲೆ ಆಡುವೆಯಂತೆ’ ಅನ್ನುವಾಗ ಇರುವ ಅಂತೆ ಕೇಳಿದ ಸುದ್ದಿಯದಲ್ಲ. ಆಡೋದಕ್ಕೆ ಅಡ್ಡಿಯಿಲ್ಲ, ಸ್ವಲ್ಪ ತಡಿ ಅಂತ ಸಮಾಧಾನ ಮಾಡುವ ಅಂತೆ ಅದು.