ಮೇಲ್ಭಾಗದ ಭತ್ತ, ಕೊನೆಭಾಗದ ಜೋಳ

ಸಿಂಧನೂರಿನ ನಮ್ಮ ಓಣಿಯಲ್ಲಿ ಗ್ರಹಣ ಬಂತೆಂದರೆ ಬಸುರಿಯರನ್ನು ಕೋಣೆ ಬಿಟ್ಟು ಹೊರಗೆ ಬರಗೊಡುವುದಿಲ್ಲ. ಈಳಿಗೆ ಮುಟ್ಟಬೇಡ, ಕೂಸಿನ ತುಟಿ ಸೀಳುತ್ತದೆ ಎನ್ನುತ್ತಾರೆ. ಸೀಳುತುಟಿಯ ಕೂಸು ಹುಟ್ಟಿದರೆ ಬೈಗುಳವೆಲ್ಲ ಆ ತಾಯಿಗೇ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೇಲ್ದುಟಿ ಕೂಡಿಕೊಳ್ಳುವುದು ಗರ್ಭ ಕಟ್ಟಿದ 4ರಿಂದ 7ನೇ ವಾರದಲ್ಲಿ. ಐದು ತಿಂಗಳ ಬಸುರಿ ಈಳಿಗೆ ಮುಟ್ಟುವ ಹೊತ್ತಿಗೆ ಆ ಕೆಲಸ ಎಂದೋ ಮುಗಿದಿರುತ್ತದೆ.

ಭ್ರೂಣದ ಮೊದಮೊದಲ ಕಾಂಡಕೋಶಗಳು ಯಾವ ಅಂಗ ಬೇಕಾದರೂ ಆಗಬಲ್ಲವು. ಎಲ್ಲದರಲ್ಲೂ ಅದೇ ಡಿಎನ್‌ಎ, ಪ್ರೋಟೀನ್ ಮಾಡುವ ಸುಮಾರು 20,000 ಜೀನ್. ಆದರೂ ಒಂದು ಹೃದಯವಾಗುತ್ತದೆ, ಇನ್ನೊಂದು ತುಟಿ. ಯಾಕೆ?

ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಿ. ಮುನಿರಾಬಾದ್‌ನಿಂದ ಹೊರಟ ನೀರು ಗಂಗಾವತಿ ಕಡೆ ಧಾರಾಳ. ಅಲ್ಲಿ ಭತ್ತ. ಕೊನೆಭಾಗಕ್ಕೆ ಬರುವಷ್ಟರಲ್ಲಿ ನೀರು ಸಣ್ಣಗಾಗುತ್ತದೆ. ಅಲ್ಲಿ ಹತ್ತಿ, ಜೋಳ. ಎಲ್ಲರ ಮನೆಯಲ್ಲೂ ಎಲ್ಲ ಬೀಜ ಇದೆ ಅಂದುಕೊಳ್ಳಿ. ಏನು ಬಿತ್ತಬೇಕು ಅಂತ ಹೊಲಕ್ಕೆ ಬಂದ ನೀರೇ ಹೇಳುತ್ತದೆ, ಅಲ್ವಾ? ಭ್ರೂಣದಲ್ಲೂ ಹೀಗೇ. ಬೆನ್ನುಹುರಿ ಮೂಡುವಾಗ ‘ಸೋನಿಕ್ ಹೆಡ್ಜ್‌ಹಾಗ್’ ಎಂಬ ಪ್ರೋಟೀನ್ ಹೊಟ್ಟೆಯ ಕಡೆಯಿಂದ ಹರಡುತ್ತದೆ. ಜಾಸ್ತಿ ಸಿಕ್ಕ ಕೋಶಗಳಲ್ಲಿ ಕೈಕಾಲು ಆಡಿಸುವ ನರಕೋಶಗಳು ಹುಟ್ಟುತ್ತವೆ. ಕಡಿಮೆ ಸಿಕ್ಕವು ಬೇರೆ ಬಗೆಯ ನರಕೋಶಗಳಾಗುತ್ತವೆ.

ನೀರು ನೋಡಿ ಬಿತ್ತುವ ಕೈಯೂ ಬೇಕಲ್ಲ? ಜೀನ್ ನಿಯಂತ್ರಕ ಪ್ರೋಟೀನ್‌ಗಳೇ ಆ ಕೈ. ಡಿಎನ್‌ಎಯ ಗೊತ್ತಾದ ಜಾಗದಲ್ಲಿ ಕೂತು ಅವು ಜೀನ್‌ಗಳನ್ನು ಎಬ್ಬಿಸುತ್ತವೆ. 1995ರಲ್ಲಿ ಸ್ವಿಟ್ಜರ್‌ಲೆಂಡ್‌ನ ವಾಲ್ಟರ್ ಗೇರಿಂಗ್ ತಂಡ ಇಂಥ ಒಂದೇ ನಿಯಂತ್ರಕದ ಜೀನನ್ನು ಹಣ್ಣಿನ ನೊಣದ ಕಾಲಿನಲ್ಲಿ ಎಬ್ಬಿಸಿತು. ಕಾಲ ಮೇಲೆ ಕಣ್ಣು ಮೂಡಿತು! ಇಲಿಯ ಅದೇ ಬಗೆಯ ಜೀನ್ ಹಾಕಿದರೂ ಮೂಡಿದ್ದು ನೊಣದ ಕಣ್ಣೇ. ಕೈ ಇಲಿಯದು, ಬೀಜ ನೊಣದ ಮನೆಯದು. ನನಗೆ ಇದಕ್ಕಿಂತ ಚೆಂದದ ಪ್ರಯೋಗ ಗೊತ್ತಿಲ್ಲ.

ಒಮ್ಮೆ ಬಿತ್ತಿದ ಮೇಲೆ ಬೇಡದ ಬೀಜವೆಲ್ಲ ಹಗೇವಿಗೆ. ನಮ್ಮ ಹಿರಿಯರು ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತುತ್ತಿದ್ದರಲ್ಲ, ಹಾಗೇ ಕೋಶ ತನಗೆ ಬೇಡದ ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿ ಮುಚ್ಚಿಡುತ್ತದೆ. ಮೆದುಳು ಸುಮ್ನೆ ಯಕೃತ್ತಾಗಿ ಬದಲಾಗದಿರುವುದು ಇದರಿಂದಲೇ. ಆದರೂ ಬೀಜ ಕೆಟ್ಟಿರುವುದಿಲ್ಲ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಬರೀ ನಾಲ್ಕು ನಿಯಂತ್ರಕಗಳಿಂದ ಇಲಿಯ ಬೆಳೆದ ಕೋಶಗಳ ಹಗೇವು ತೆರೆಸಿ, ಅವನ್ನು ಮತ್ತೆ ಕಾಂಡಕೋಶದಂತೆ ಮಾಡಿದರು. 2012ರಲ್ಲಿ ನೊಬೆಲ್ ಬಂತು.

ತುಟಿಯ ಹೊಲದಲ್ಲೂ ಇಂಥ ಒಂದು ಕೈ ಇದೆ, ಹೆಸರು ಐಆರ್‌ಎಫ್6. ಅದರ ಜೀನ್‌ನಲ್ಲಿ ದೋಷವಿದ್ದರೆ ತುಟಿಯ ಎರಡು ಬದಿ ಸರಿಯಾಗಿ ಕೂಡದೆ ಉಳಿಯಬಹುದು. ಸೀಳುತುಟಿಗೆ ಬೇರೆ ಕಾರಣಗಳೂ ಇವೆ, ಗ್ರಹಣ ಮಾತ್ರ ಅವುಗಳಲ್ಲಿಲ್ಲ. ಮತ್ತೆ, ಐಆರ್‌ಎಫ್6 ದೋಷ ಅಪ್ಪನ ಕಡೆಯಿಂದಲೂ ಬರುತ್ತದೆ.