360 ಡಿಗ್ರಿ ಸರ್ವೋ ಕೊಳ್ಳುವ ಮುಂಚೆ

“ಸರ್, ಮೋಟರ್ ಕೆಟ್ಟೋಗಿದೆ. 45 ಡಿಗ್ರಿ ಅಂತ ಕೊಟ್ರೆ ನಿಲ್ತಾನೇ ಇಲ್ಲ, ಸುಮ್ನೆ ಸುತ್ತುತ್ತಾ ಇದೆ.”

ಪ್ರಾಜೆಕ್ಟ್ ಸಮಯ ಬಂತೆಂದರೆ ನನ್ನ ಮೇಜಿನ ಮುಂದೆ ಈ ಮಾತು ಕೇಳುತ್ತಲೇ ಇರುತ್ತದೆ. ಈ ಸಲ ಬಂದವನು ಡಿಪ್ಲೊಮಾ ಹುಡುಗ. ಕಂಬದ ಮೇಲೆ ಕೂತ ಕ್ಯಾಮೆರಾ ಸುತ್ತಲೂ ತಿರುಗಿ ನೋಡಬೇಕು, ಅದು ಅವನ ಪ್ರಾಜೆಕ್ಟ್. ಸರ್ವೋ ಅಂದರೆ ಹೇಳಿದ ಕೋನಕ್ಕೆ ತಿರುಗಿ ಅಲ್ಲೇ ನಿಲ್ಲುವ ಮೋಟರ್, ಸಾಮಾನ್ಯವಾಗಿ 180 ಡಿಗ್ರಿ ತಿರುಗುತ್ತದೆ. ಅಷ್ಟು ಸಾಲದು ಅಂತ ಇವನು 360 ಡಿಗ್ರಿ ಸರ್ವೋ ತಂದಿದ್ದ. ಅದು ಹಾಳಾಗಿದೆ ಅಂದುಕೊಂಡು ಅಂಥದ್ದೇ ಇನ್ನೊಂದಕ್ಕೂ ದುಡ್ಡು ಸುರಿದಿದ್ದ. ಎರಡೂ ಚೆನ್ನಾಗಿಯೇ ಇದ್ದವು. ಪಾಪ, ಹುಡುಗರ ಜೇಬು ಹೀಗೆ ಖಾಲಿಯಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅವನ ಎದುರಿಗೇ ಒಂದನ್ನು ಬಿಚ್ಚಿದೆ. ಮಾಮೂಲಿ ಸರ್ವೋದಲ್ಲಿ ಶಾಫ್ಟ್ ಕೆಳಗೆ ಒಂದು ಪೊಟೆನ್ಶಿಯೋಮೀಟರ್ ಇರುತ್ತದೆ. ಶಾಫ್ಟ್ ಈಗ ಎಲ್ಲಿದೆ ಅಂತ ಸರ್ವೋ ಒಳಗಿನ ಬೋರ್ಡಿಗೆ ತಿಳಿಸುವುದು ಅದೇ. ಇವನ ಮೋಟರಿನಲ್ಲಿ ಅದರ ಜಾಗದಲ್ಲಿ ಸಮ ಬೆಲೆಯ ಎರಡು ರೆಸಿಸ್ಟರ್ ಬೆಸುಗೆ ಹಾಕಿದ್ದರು, ಅಷ್ಟೇ. ಹಾಗಾಗಿ ಬೋರ್ಡಿನ ಲೆಕ್ಕದಲ್ಲಿ ಶಾಫ್ಟ್ ಯಾವಾಗಲೂ ನಡುವೆಯೇ ಇದೆ. ಸರ್ವೋಗೆ ಆಜ್ಞೆ ಕೊಡುವುದು ಪಲ್ಸ್ ಮೂಲಕ, ಅಂದರೆ ಚಿಕ್ಕ ವಿದ್ಯುತ್ ಮಿಡಿತ, ಅದು ಎಷ್ಟು ಹೊತ್ತು ಇರುತ್ತದೆ ಅನ್ನುವುದೇ ಆಜ್ಞೆ. 1500 ಮೈಕ್ರೊಸೆಕೆಂಡ್ ಪಲ್ಸ್ ಕೊಟ್ಟರೆ ‘ಇಲ್ಲೇ ಇದ್ದೀನಲ್ಲ’ ಅಂತ ನಿಲ್ಲುತ್ತದೆ. 2000 ಕೊಟ್ಟರೆ ಒಂದು ಕಡೆಗೆ ಹೊರಡುತ್ತದೆ. ತಲುಪಿದೆ ಅಂತ ಹೇಳುವವರು ಯಾರೂ ಇಲ್ಲ, ಓಡುತ್ತಲೇ ಇರುತ್ತದೆ. ನೀವು ಕೋನ ಅಂದುಕೊಂಡು ಕೊಟ್ಟಿದ್ದು ಅದಕ್ಕೆ ದಿಕ್ಕು ಮತ್ತು ವೇಗ.

‘ಇಷ್ಟು ಹೊತ್ತು ಓಡಿಸಿ ನಿಲ್ಲಿಸಿದರೆ ಆಗಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಬ್ಯಾಟರಿ ಇಳಿದರೆ ವೇಗ ಬದಲಾಗುತ್ತದೆ, ಭಾರ ಬಿದ್ದರೂ ಬದಲಾಗುತ್ತದೆ. ಹತ್ತು ಸಲ ತಿರುಗಿಸಿ, ಹನ್ನೊಂದನೇ ಸಲ ಎಲ್ಲಿ ನಿಂತಿದೆ ನೋಡಿ. ಚಕ್ರದ ರೋಬೋಟಿಗೆ ಇದು ಒಳ್ಳೇ ಮೋಟರ್. ಕೋನ ಬೇಕಾದವರಿಗೆ ಅಲ್ಲ.

ಅಂಗಡಿಯಲ್ಲಿ ‘360 ಇದೆಯಾ?’ ಅಂತ ಕೇಳಬೇಡಿ. ‘ಹೇಳಿದ ಆಂಗಲ್‌ಗೆ ಹೋಗಿ ನಿಲ್ಲುತ್ತಾ?’ ಅಂತ ಕೇಳಿ. ಹಾರ್ನನ್ನು, ಅಂದರೆ ಶಾಫ್ಟ್ ಮೇಲೆ ಕೂರಿಸುವ ಪುಟ್ಟ ಕೈಯನ್ನು, ಬೆರಳಲ್ಲಿ ತುಂಬಾ ನಿಧಾನಕ್ಕೆ ತಿರುಗಿಸಿ ನೋಡಿ, ಪ್ಲಾಸ್ಟಿಕ್ ಗೇರಾದರೆ ಇನ್ನೂ ಜೋಪಾನ. ತುದಿಯೇ ಸಿಗದೆ ಸುತ್ತುತ್ತಾ ಹೋದರೆ ಬಹುಮಟ್ಟಿಗೆ ಅದು ಇಂಥದ್ದೇ. ಬಹುಮಟ್ಟಿಗೆ ಅಂದೆ, ಯಾಕೆಂದರೆ ಶಾಫ್ಟಿನ ಕೋನವನ್ನು ಅಯಸ್ಕಾಂತದಿಂದ ಅಳೆಯುವ ಮ್ಯಾಗ್ನೆಟಿಕ್ ಎನ್‌ಕೋಡರ್ ಇಟ್ಟು ಪೂರ್ತಿ ಸುತ್ತಿನಲ್ಲಿ ಎಲ್ಲಿ ಬೇಕಾದರೂ ನಿಲ್ಲುವ ಸರ್ವೋಗಳೂ ಇವೆ. ಡೇಟಾಶೀಟ್ ಓದದೆ ನಂಬಬೇಡಿ.

ಹೆಚ್ಚಿನವರಿಗೆ 270 ಡಿಗ್ರಿಯದ್ದು ಸಾಕು. ಡಿಎಸ್3218 ಥರದವು 180ರಲ್ಲೂ ಸಿಗುತ್ತವೆ, 270ರಲ್ಲೂ ಸಿಗುತ್ತವೆ. ನೋಡಲು ಎರಡೂ ಒಂದೇ, ಕೇಳಿ ತನ್ನಿ. ಇವಕ್ಕೆ ಸಾಮಾನ್ಯವಾಗಿ 500ರಿಂದ 2500 ಮೈಕ್ರೊಸೆಕೆಂಡ್ ಪಲ್ಸ್ ಬೇಕು. ಆರ್ಡುಯಿನೊ ಬೋರ್ಡಿನಿಂದ ಸರ್ವೋ ನಡೆಸಲು ಬಳಸುವ ಸಿದ್ಧ ಕೋಡ್, ಅಂದರೆ ಸರ್ವೋ ಲೈಬ್ರರಿ, ತಾನಾಗಿ ಕೊಡುವುದು 544ರಿಂದ 2400. ಮಿತಿ ಬದಲಾಯಿಸದಿದ್ದರೆ ಎರಡೂ ತುದಿಯಲ್ಲಿ ಒಂದಿಷ್ಟು ತಿರುಗಾಟ ಕೈಬಿಟ್ಟುಹೋಗುತ್ತದೆ. ಬದಲಾಯಿಸಿದ ಮೇಲೂ ತುದಿಯಲ್ಲಿ ಗುಂಯ್ ಅಂದರೆ ಸ್ವಲ್ಪ ಹಿಂದಕ್ಕೆ ಬನ್ನಿ. ಲೈಬ್ರರಿಗೆ ಗೊತ್ತಿರುವುದು 0ಯಿಂದ 180 ಮಾತ್ರ, ಹಾಗಾಗಿ 90 ಅಂದರೆ ಶಾಫ್ಟ್ 135ಕ್ಕೆ ಹೋಗುತ್ತದೆ. 500ರಿಂದ 2500ರವರೆಗಿನ ಅದೇ 2000 ಮೈಕ್ರೊಸೆಕೆಂಡ್ 270 ಡಿಗ್ರಿಗೆ ಹಂಚಿಹೋಗುವುದರಿಂದ ಡಿಗ್ರಿಗೆ ಸಿಗುವುದು ಸುಮಾರು 7.4 ಮೈಕ್ರೊಸೆಕೆಂಡ್, 180ರದ್ದರಲ್ಲಿ 11 ಸಿಗುತ್ತಿತ್ತು, ಅಂದರೆ ನಿಖರತೆ ಸ್ವಲ್ಪ ಕಡಿಮೆ. ಕ್ಯಾಮೆರಾಗೆ ಪರವಾಗಿಲ್ಲ. ಸಣ್ಣ ವಸ್ತು ಹಿಡಿಯುವ ತೋಳಿಗಾದರೆ ಯೋಚನೆ ಮಾಡಿ.

180ರ ಸರ್ವೋಗೆ ಹೊರಗಿಂದ ಒಂದಕ್ಕೆರಡು ಗೇರ್ ಹಾಕಿ 360 ಮಾಡಬಹುದು. ಆದರೆ ಬಲ ಅರ್ಧವಾಗುತ್ತದೆ. ಪದೇ ಪದೇ ಸುತ್ತು ಹಾಕಲೇಬೇಕು ಅಂದರೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗುವ ಸ್ಟೆಪ್ಪರ್ ಮೋಟರ್ ತಗೊಳ್ಳಿ, ಶುರುವಿನ ಜಾಗ ಗುರುತಿಸಲು ಒಂದು ಲಿಮಿಟ್ ಸ್ವಿಚ್ ಹಾಕಿ.

ಹುಡುಗನಿಗೆ ಕೇಳಿದೆ, “ಕ್ಯಾಮೆರಾ ವೈರ್ ಏನಾಗುತ್ತಪ್ಪಾ? ಒಂದೇ ಕಡೆ ಸುತ್ತಿದರೆ ಕಂಬಕ್ಕೆ ಹಗ್ಗ ಸುತ್ತಿದ ಹಾಗೆ ಆಗಲ್ವಾ?” ಅವನು ಅದನ್ನು ಯೋಚಿಸಿರಲಿಲ್ಲ. ಲೆನ್ಸಿಗೇ 60 ಡಿಗ್ರಿ ನೋಟ ಇತ್ತು. 270ಕ್ಕೆ ಅದನ್ನು ಸೇರಿಸಿದರೆ 330. ಕ್ಯಾಮೆರಾವನ್ನು ಕಂಬದ ತಲೆಯಿಂದ ಇಳಿಸಿ ಪಕ್ಕಕ್ಕೆ ಕೂರಿಸಿದೆವು. ಕಾಣದೆ ಉಳಿದ 30 ಡಿಗ್ರಿಯಲ್ಲಿ ಈಗ ಆ ಕಂಬವೇ ಇದೆ.