ಸಾರಿಗೆ ನೀತಿ ಫಲಿಸಿತೇ? ಯಾವ ಅಂಕಿ ನೋಡಬೇಕು?

ಸಾರಿಗೆ ಯೋಜನೆಗಳ ಮೌಲ್ಯಮಾಪನ ವರದಿ ಕೈಗೆ ಬಂದರೆ ನಾನು ಮೊದಲು ಸೂಚಕಗಳ ಪಟ್ಟಿ ತೆಗೆಯುತ್ತೇನೆ. ಎಷ್ಟು ಬಸ್ ಕೊಂಡರು, ಎಷ್ಟು ಕಿಲೋಮೀಟರ್ ರಸ್ತೆ ಹಾಕಿದರು, ಎಷ್ಟು ಹಣ ಖರ್ಚಾಯಿತು ಎಂಬುದೇ ಜಾಸ್ತಿ ಇರುತ್ತದೆ. ಇದು ಇಲಾಖೆ ಮಾಡಿದ ಕೆಲಸದ ಲೆಕ್ಕ. ಪ್ರಯಾಣಿಕರಿಗೆ ಏನು ಸಿಕ್ಕಿತು ಎಂಬುದನ್ನು ಬೇರೆಯಾಗಿಯೇ ಅಳೆಯಬೇಕು.

ಒಂದು ಮಾರ್ಗದಲ್ಲಿ ಗಂಟೆಗೆ 6 ಬಸ್ ಇವೆ ಅನ್ನಿ. ಸರಿಯಾಗಿ 10 ನಿಮಿಷಕ್ಕೊಂದು ಬಂದರೆ, ವೇಳಾಪಟ್ಟಿ ನೋಡದೆ ನಿಲ್ದಾಣಕ್ಕೆ ಬಂದವರು ಸರಾಸರಿ 5 ನಿಮಿಷ ಕಾಯುತ್ತಾರೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು 20 ನಿಮಿಷಕ್ಕೊಮ್ಮೆ ಎರಡೆರಡು ಬಸ್ ಒಟ್ಟಿಗೆ ಬಂದರೆ? ಆಗಲೂ ಗಂಟೆಗೆ 6 ಬಸ್ಸೇ. ಆದರೆ ಕಾಯುವ ಸಮಯ 10 ನಿಮಿಷವಾಯಿತು. ಜೋಡಿಯಲ್ಲಿ ಮೊದಲು ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಅದರ ಹಿಂದೆ ಬಂದದ್ದು ಖಾಲಿ. ವರದಿಯಲ್ಲಿ ಮಾತ್ರ ಎಲ್ಲ ಸರಿಯಾಗಿದೆ! ಅದಕ್ಕೇ ಲಂಡನ್ನಿನಲ್ಲಿ ಮೇಲಿಂದ ಮೇಲೆ ಬಸ್ ಓಡುವ ಮಾರ್ಗಗಳಲ್ಲಿ, ಜನ ವೇಳಾಪಟ್ಟಿಯ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಹೊತ್ತು ಕಾದರು ಎಂಬುದನ್ನೇ ಅಳೆಯುತ್ತಾರೆ.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿನ 11.2.1 ಸೂಚಕ ಇನ್ನೊಂದು ಕಡೆಯಿಂದ ನೋಡುತ್ತದೆ. ಬಸ್ ನಿಲ್ದಾಣ 500 ಮೀಟರ್ ಒಳಗೆ, ರೈಲು ನಿಲ್ದಾಣ 1 ಕಿಲೋಮೀಟರ್ ಒಳಗೆ ಎಷ್ಟು ಜನರಿಗಿದೆ? ಲಿಂಗ, ವಯಸ್ಸು, ಅಂಗವೈಕಲ್ಯದ ಪ್ರಕಾರ ಬಿಡಿಸಿ ಹೇಳಿ ಎನ್ನುತ್ತದಲ್ಲ, ಅದು ನನಗೆ ಇಷ್ಟ. ಸರಾಸರಿಯಲ್ಲಿ ಗಾಲಿಕುರ್ಚಿಯವರು ಕಾಣಿಸುವುದೇ ಇಲ್ಲ. ಆದರೆ ನಿಲ್ದಾಣ ಹತ್ತಿರವಿದ್ದು ಬಸ್ಸೇ ಅಪರೂಪವಾದರೆ ಏನು ಪ್ರಯೋಜನ?

ಅಂಕಿ ಬದಲಾದದ್ದು ನೀತಿಯಿಂದಲೇ ಎಂದು ಹೇಳುವುದು ಇನ್ನೂ ಕಷ್ಟ. ಲಂಡನ್ 2003ರಲ್ಲಿ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕಿತು. ಮೊದಮೊದಲು ದಟ್ಟಣೆ, ಅಂದರೆ ವಾಹನಗಳ ವೇಗ ಕುಸಿದು ಆಗುವ ವಿಳಂಬ, ಸುಮಾರು 30% ತಗ್ಗಿತು. ಕೆಲವೇ ವರ್ಷಗಳಲ್ಲಿ ಮತ್ತೆ ಹಳೆಯ ಮಟ್ಟಕ್ಕೆ ಬಂತು. ಶುಲ್ಕ ಸೋತಿತೇ? ಒಳಗೆ ಬರುವ ವಾಹನಗಳು ಆಗಲೂ ಕಡಿಮೆಯೇ ಇದ್ದವು. ಅಷ್ಟರಲ್ಲಿ ನೀರಿನ ಪೈಪಿಗಾಗಿ ರಸ್ತೆ ಅಗೆತ ಹೆಚ್ಚಿತ್ತು, ಕಾರಿಗೆ ಸಿಗುವ ಜಾಗವೂ ತಗ್ಗಿತ್ತು. ವೇಗವೊಂದನ್ನೇ ನೋಡಿದವರು ತಪ್ಪು ತೀರ್ಪು ಕೊಡುತ್ತಿದ್ದರು.

ಸ್ಟಾಕ್‌ಹೋಮ್ 2006ರಲ್ಲಿ ಏಳು ತಿಂಗಳು ಇಂಥದ್ದೇ ಶುಲ್ಕವನ್ನು ಪ್ರಯೋಗಕ್ಕೆಂದು ಹಾಕಿ ನಿಲ್ಲಿಸಿತು. ಸುಮಾರು 20% ತಗ್ಗಿದ್ದ ವಾಹನಗಳು ಮತ್ತೆ ಏರಿದವು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಆದರೆ ಕಟ್ಟಿದ ಮೇಲ್ಸೇತುವೆಯನ್ನು ಸುಮ್ನೆ ಕಿತ್ತು ನೋಡಲು ಆಗುವುದಿಲ್ಲ. ಅಲ್ಲಿ ಯೋಜನೆ ಇಲ್ಲದ, ಅದೇ ಥರದ ಇನ್ನೊಂದು ರಸ್ತೆಯನ್ನು ಹೋಲಿಕೆಗೆ ಆರಿಸಿಕೊಳ್ಳಬೇಕು. ಕೆಲಸ ಶುರುವಾಗುವ ಮೊದಲೇ ಎರಡೂ ಕಡೆ ಎಣಿಸಿಡಬೇಕು. ಈ ಎಣಿಕೆಗೆ ಬಜೆಟ್‌ನಲ್ಲಿ ಹಣ ಇಟ್ಟಿದ್ದಾರಾ ಎಂದು ನಾನು ಮೊದಲ ಸಭೆಯಲ್ಲೇ ಕೇಳುತ್ತೇನೆ.